ಹವಾಲ್ದಾರರ ಹೆಬ್ಬೆಟ್ಟು

ನವೆಂಬರ್ ಬಂತೆಂದರೆ ನಮ್ಮ ಸೋದರಮಾವನಿಗೆ ತಾನಿನ್ನೂ ಬದುಕಿದ್ದೇನೆ ಎಂದು ಸರ್ಕಾರಕ್ಕೆ ಹೇಳುವ ಕೆಲಸ. ಇಪ್ಪತ್ನಾಲ್ಕು ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ಊರಿಗೆ ಬಂದವನು. ಬಂದ ಮೇಲೆ ಕೋವಿ ಹಿಡಿದ ಕೈಗೆ ಕುಡಗೋಲು ಬಂತು. ಕಬ್ಬಿನ ರವದಿ, ಬಾವಿಯ ಹಗ್ಗ, ಅಂಗೈಯಲ್ಲಿ ತಿಕ್ಕುವ ಸುಣ್ಣ-ತಂಬಾಕು ಎಲ್ಲ ಸೇರಿ ಬೆರಳಿನ ಗೆರೆಗಳನ್ನು ಸವೆಸಿಬಿಟ್ಟವು. ತಾಲ್ಲೂಕು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಬೆರಳಚ್ಚು ಯಂತ್ರದ ಗಾಜಿನ ಮೇಲೆ ಒಂದಾದ ಮೇಲೊಂದು ಬೆರಳು ಒತ್ತುತ್ತಿದ್ದ. ಕೆಂಪು ದೀಪ. ಧೋತರಕ್ಕೆ ಬೆರಳು ಒರೆಸಿ ಮತ್ತೆ ಒತ್ತಿದರೂ ಕೆಂಪು ದೀಪವೇ. ಅಂಗಡಿಯ ಹುಡುಗ, ತಲೆಗೆ ಹಚ್ಚಿದ ಎಣ್ಣೆಯಲ್ಲಿ ಬೆರಳು ಸವರಿಕೊಳ್ಳಿ ಎಂದು ಉಪಾಯ ಹೇಳಿಕೊಡುವನು. "ತಮ್ಮಾ, ನಾ ಇಲ್ಲೇ ನಿನ್ನ ಮುಂದ ಕುಂತೇನಿ. ನೀ ನೋಡಾಕತ್ತಿ. ಮತ್ತ ಈ ಡಬ್ಬಿಗ್ಯಾಕ ಕಾಣವಲ್ದು?" ಎಂದು ಮಾವ ಕೇಳಿದ ಪ್ರಶ್ನೆಗೆ ಹುಡುಗನ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದವು. ಮಾತು ತೊದಲಾಯಿತು, ಆದರೆ ತಲೆ ನೆಟ್ಟಗಿತ್ತು. ಮಗ ಪುಣೆಯಲ್ಲಿ. ಮನೆಯಲ್ಲಿ ಅತ್ತೆ, ಸೊಸೆ, ಪಿಯುಸಿ ಓದುವ ಮೊಮ್ಮಗ. ಪಿಂಚಣಿಯ ವ್ಯವಹಾರ ತನ್ನಿಂದ ತಾನೇ ಮೊಮ್ಮಗನ ಪಾಲಿಗೆ ಬಂತು. ಯಾಕೆಂದರೆ ಫೋನು ಅವನ ಕೈಯಲ್ಲಿತ್ತು. ಯಾರೂ ಅವನನ್ನು ನೇಮಿಸಲಿಲ್ಲ, ಯಾರೂ ಒಂದು ಚೀಟಿಯ ಮೇಲೆ ಸಹಿ ಹಾಕಿಕೊಡಲಿಲ್ಲ. ಪಾಸ್‌ವರ್ಡ್ ಅವನಿಗೆ ಗೊತ್ತು, ಒಟಿಪಿ ಬರುವುದು ಅವನಿಗೆ. ಹದಿನೇಳರ ಹುಡುಗ ಒಬ್ಬ ಹವಾಲ್ದಾರನ ಪ್ರತಿನಿಧಿಯಾದದ್ದು ಹೀಗೆ.

ನಮ್ಮ ಮನೆಯೊಂದರ ಕಥೆ ಇದಲ್ಲ. ಬೆಳಗಾವಿ, ಬಾಗಲಕೋಟೆ, ಹಾಸನ, ಕೊಡಗು, ಎಲ್ಲಿ ಮಾಜಿ ಸೈನಿಕರ ಮನೆಗೆ ಹೋದರೂ ಅಲ್ಲೊಬ್ಬ ಇಂಥ ಮೊಮ್ಮಗ ಇರುತ್ತಾನೆ. ಇಲ್ಲವೇ ಬ್ಯಾಂಕಿನ ಮುಂದೆ ಅರ್ಜಿ ತುಂಬಿಕೊಡುವವನೊಬ್ಬ ಇರುತ್ತಾನೆ. ಮಾಜಿ ಸೈನಿಕ ತನ್ನ ಪರವಾಗಿ ಓಡಾಡಲು ಇನ್ನೊಬ್ಬನಿಗೆ ಅಧಿಕಾರ ಕೊಡುವುದು ಹೇಗೆ, ಎಷ್ಟು ಕೊಡಬಹುದು, ಯಾವುದನ್ನು ಕೊಡಲೇಬಾರದು ಎಂದು ಹುಡುಕುತ್ತ ಹೊರಟ ನನಗೆ ಕಾನೂನಿನ ಒಂದು ವಿಚಿತ್ರ ಸ್ವಭಾವ ಕಂಡಿತು. ಅದಕ್ಕೆ ಕಾಗದದ ಮೇಲೆ ಅಷ್ಟಾಗಿ ನಂಬಿಕೆಯಿಲ್ಲ. ಅದು ನಂಬುವುದು ಮೈಯನ್ನು.

ಅಧಿಕಾರ ಕೊಡುವುದು ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಜಿಪಿಎ. ಹಳಬರ ಬಾಯಲ್ಲಿ ಮುಖ್ತ್ಯಾರ ಪತ್ರ. ಕರ್ನಾಟಕದಲ್ಲಿ ಜಿಪಿಎ ಎಂಬ ಮೂರಕ್ಷರಕ್ಕೆ ಸೈಟು ವ್ಯಾಪಾರದ ವಾಸನೆ ಹತ್ತಿದೆ. ಅದರ ಬಲದ ಮೇಲೆ ಜಮೀನು ಮಾರಿದರೆ ಒಡೆತನ ದಾಟುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದಷ್ಟು ದುರ್ಬಳಕೆ ಅದರದ್ದು. ಪಾಪ, 1882ರ ಮುಖ್ತ್ಯಾರ ಪತ್ರ ಕಾಯ್ದೆಯ ಉದ್ದೇಶ ಸರಳವಾದದ್ದು: ನನ್ನ ಬದಲು ನೀನು ಮಾಡು, ನೀನು ಮಾಡಿದ್ದನ್ನು ನಾನು ಮಾಡಿದಂತೆಯೇ ತಿಳಿಯುತ್ತೇನೆ. ಅಷ್ಟೇ.

ಆದರೆ ಮುದುಕರ ಮನೆಯಲ್ಲಿ ಈ ಪತ್ರಕ್ಕೆ ಒಂದು ದೊಡ್ಡ ತೂತಿದೆ. 1872ರ ಕರಾರು ಕಾಯ್ದೆಯ ಪ್ರಕಾರ ಅಧಿಕಾರ ಕೊಟ್ಟವನು ಸತ್ತರೆ ಮಾತ್ರವಲ್ಲ, ಅವನ ಬುದ್ಧಿಗೆ ಮಂಕು ಕವಿದರೂ ಮುಖ್ತ್ಯಾರಿ ಮುಗಿದುಹೋಗುತ್ತದೆ. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿದೆ, ಅದಕ್ಕೇ ಈಗಲೇ ಒಂದು ಜಿಪಿಎ ಮಾಡಿಸಿಟ್ಟುಬಿಡೋಣ ಎಂದು ಮಕ್ಕಳು ಓಡುತ್ತಾರಲ್ಲ, ಆ ಕಾಗದ ಬೇಕಾಗುವ ದಿನ ಬಂದಾಗಲೇ ಅದರ ಜೀವ ಹೋಗಿರುತ್ತದೆ. ಮಳೆ ಬಂದ ಕೂಡಲೇ ಮಡಚಿಕೊಳ್ಳುವ ಕೊಡೆ. ಬುದ್ಧಿ ಮಂಕಾದ ಮೇಲೂ ಉಳಿಯುವಂಥ ಮುಖ್ತ್ಯಾರಿ ಕೆಲವು ದೇಶಗಳಲ್ಲಿದೆ, ನಮ್ಮಲ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಿಳಿ ಹಾಳೆಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಪ್ರತಿನಿಧಿಯೊಬ್ಬನನ್ನು ಹೆಸರಿಸಲು ಬಿಡುತ್ತದೆ. ಆದರೆ ಅವನ ಮಾತು ನಡೆಯುವುದು ಚಿಕಿತ್ಸೆಯ ವಿಷಯಕ್ಕೆ, ಹಣಕಾಸಿಗಲ್ಲ. ಪ್ರಜ್ಞೆಯಿಲ್ಲದೆ ಮಲಗಿದವರ ಮನೆಯವರು ಪಾಲಕರಾಗಿ ನೇಮಿಸಿ ಎಂದು ಹೈಕೋರ್ಟಿನ ಬಾಗಿಲು ತಟ್ಟಬೇಕು. 2019ರಲ್ಲಿ ಕೇರಳ ಹೈಕೋರ್ಟ್ ಅಂಥ ಪ್ರಕರಣಗಳಿಗೆಂದು ಮಾರ್ಗಸೂಚಿಯನ್ನೇ ಬರೆದದ್ದು ಶಾಸನದಲ್ಲಿ ದಾರಿ ಇಲ್ಲದ್ದರಿಂದ.

ಪಿಂಚಣಿಗೆ ಇನ್ನೂ ಒಂದು ಬೇಲಿಯಿದೆ, ಅದು ಒಳ್ಳೆಯ ಬೇಲಿ. 1871ರ ಪಿಂಚಣಿ ಕಾಯ್ದೆಯ 12ನೇ ಕಲಮು. ಮುಂದೆ ಬರಬೇಕಾದ ಪಿಂಚಣಿಯನ್ನು ಮಾರುವ, ಒತ್ತೆಯಿಡುವ, ಇನ್ನೊಬ್ಬನಿಗೆ ಬರೆದುಕೊಡುವ ಯಾವ ಒಪ್ಪಂದವೂ ಊರ್ಜಿತವಲ್ಲ ಎನ್ನುತ್ತದೆ ಅದು. ಅದರ ಹಿಂದಿನ ಕಲಮು ಸಾಲ ಕೊಟ್ಟವರ ಜಪ್ತಿಯಿಂದ ಪಿಂಚಣಿಯನ್ನು ಕಾಯುತ್ತದೆ. ನೂರೈವತ್ತು ವರ್ಷ ದಾಟಿದ ಈ ಕಾಯ್ದೆಯನ್ನು ಯಾರಾದರೂ ಪ್ರತಿ ಹಳ್ಳಿಯ ಬ್ಯಾಂಕಿನ ಗೋಡೆಗೆ ಬರೆಸಬೇಕು. ಪಾಸ್‌ಬುಕ್ಕು, ಎಟಿಎಂ ಕಾರ್ಡುಗಳನ್ನು ಸಾಹುಕಾರನ ಪೆಟ್ಟಿಗೆಯಲ್ಲಿಟ್ಟು ಅವನು ಕೊಟ್ಟಷ್ಟನ್ನು ಇಸಿದುಕೊಳ್ಳುವ ಮಾಜಿ ಸೈನಿಕರನ್ನು ನಾನೇ ನೋಡಿದ್ದೇನೆ. "ನಿಮ್ಮ ಬಾಕಿ ತೆಗೆಸಿಕೊಡ್ತೀನಿ, ಬಂದದ್ದರಲ್ಲಿ ಮೂರನೇ ಒಂದು ಪಾಲು ನನಗೆ" ಎನ್ನುವ ಮಧ್ಯಸ್ಥನಿಗೆ ಬರೆದುಕೊಟ್ಟ ಬಾಂಡಿಗೆ ಬೆಲೆ ಇಲ್ಲ ಎಂಬುದು ಅವರಿಗೆ ತಿಳಿಯದು. ಮಧ್ಯಸ್ಥನಿಗೆ ತಿಳಿದಿರುತ್ತದೆ, ಅವನು ಹೇಳುವುದಿಲ್ಲ. ವಕೀಲರಿಗೂ ಅಷ್ಟೆ: ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಕುದುರಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ.

ಹಾಗಾದರೆ ಹಾಸಿಗೆ ಹಿಡಿದವನ ದುಡ್ಡನ್ನು ತೆಗೆಯುವವರು ಯಾರು? ಉತ್ತರ ಇದ್ದದ್ದು ರಿಸರ್ವ್ ಬ್ಯಾಂಕು ಪಿಂಚಣಿ ಹಂಚುವ ಬ್ಯಾಂಕುಗಳಿಗೆ ಕಳಿಸುವ ಸುತ್ತೋಲೆಯಲ್ಲಿ. ಸುತ್ತೋಲೆಗಳನ್ನು ಓದುವುದು ನನಗೆ ಹವ್ಯಾಸವಲ್ಲ, ಶಿಕ್ಷೆ. ಆದರೆ ಈ ಒಂದನ್ನು ಎರಡು ಸಲ ಓದಿದೆ. ಸಹಿ ಹಾಕಲಾರದ ಪಿಂಚಣಿದಾರ ಹೆಬ್ಬೆಟ್ಟು ಒತ್ತಬಹುದು. ಕೈಯ ಹೆಬ್ಬೆಟ್ಟು ಆಗದಿದ್ದರೆ ಕಾಲಿನದಾದರೂ ಆದೀತು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅದೂ ಆಗದಷ್ಟು ಅಶಕ್ತನಾದರೆ ಚೆಕ್ಕಿನ ಮೇಲೆ ಒಂದು ಗುರುತು ಸಾಕು. ಆ ಗುರುತನ್ನು ಬೇರೊಬ್ಬರು ಹಾಕಬಹುದು, ಆದರೆ ಹಾಕುವ ಸಾಧನ ಪಿಂಚಣಿದಾರನ ಮೈಗೆ ತಾಗಿರಬೇಕು. ದುಡ್ಡು ತೆಗೆಯಲು ಬರುವವರು ಯಾರೆಂದು ಪಿಂಚಣಿದಾರನೇ ತಿಳಿಸಬೇಕು, ಆ ವ್ಯಕ್ತಿಯನ್ನೂ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವನ ಮಾದರಿ ಸಹಿ ಬ್ಯಾಂಕಿನಲ್ಲಿರಬೇಕು.

ಮೈಗೆ ತಾಗಬೇಕು ಎಂಬ ಮಾತು ಎಲ್ಲಿಂದ ಬಂತು? ಸುತ್ತೋಲೆಯೇ ಮೂಲ ತೋರಿಸುತ್ತದೆ: 1950ರ ಸುಪ್ರೀಂ ಕೋರ್ಟ್ ತೀರ್ಪು. ಅದು ಬಂಗಾಳದ ಕೃಷಿ ಆದಾಯ ತೆರಿಗೆಯ ವ್ಯಾಜ್ಯ. ಒಬ್ಬನ ಪರವಾಗಿ ಮತ್ತೊಬ್ಬ ಬರೆದ ಸಹಿ ಸಹಿಯಾಗುತ್ತದೆಯೇ ಎಂಬುದು ಪ್ರಶ್ನೆ. ಸಹಿ ಹಾಕಬೇಕಾದವನಿಗೂ ಕಾಗದದ ಮೇಲಿನ ಗುರುತಿಗೂ ದೈಹಿಕ ಸಂಪರ್ಕ ಇರಲೇಬೇಕು ಎಂದಿತು ನ್ಯಾಯಾಲಯ. ಗಣರಾಜ್ಯ ಹುಟ್ಟಿದ ವರ್ಷವೇ ಹೊರಬಿದ್ದ ಆ ಸಾಲು ಇವತ್ತಿಗೂ ಲಕ್ವಾ ಹೊಡೆದ ಹವಾಲ್ದಾರನ ಮಂಚದ ಹತ್ತಿರ ಬಂದು ನಿಲ್ಲುತ್ತದೆ. ಮಗ ಲೇಖನಿ ಹಿಡಿಯಲಿ, ಬೇಡ ಎಂದವರಿಲ್ಲ. ಆದರೆ ಅಪ್ಪನ ಕೈ ಆ ಲೇಖನಿಗೆ ತಾಗಿರಲಿ.

ಈಗ ರಕ್ಷಣಾ ಪಿಂಚಣಿಯ ಹೊಸ ಕಂಪ್ಯೂಟರ್ ವ್ಯವಸ್ಥೆಯ ಹೆಸರು ನೋಡಿ: ಸ್ಪರ್ಶ್. ಇಂಗ್ಲಿಷಿನ ಉದ್ದ ಹೆಸರೊಂದರ ಅಕ್ಷರಗಳನ್ನು ಹೊಂದಿಸಿ ಮಾಡಿದ್ದು. ಹೆಸರಿಟ್ಟವರು 1950ರ ತೀರ್ಪನ್ನು ನೆನೆದಿರಲಿಕ್ಕಿಲ್ಲ, ಆದರೂ ಹೆಸರು ತಾನಾಗಿ ಬಂದು ಕೂತಿದೆ. ಮೊದಲು ಪಿಂಚಣಿಯ ಲೆಕ್ಕ ಹಾಕುತ್ತಿದ್ದದ್ದು ಬ್ಯಾಂಕು. ಈಗ ಪ್ರಯಾಗರಾಜ್‌ನ ದ್ರೌಪದಿ ಘಾಟಿನಲ್ಲಿರುವ ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ ಕಚೇರಿಯಿಂದ ಹಣ ನೇರವಾಗಿ ಖಾತೆಗೆ ಬರುತ್ತದೆ. ದ್ರೌಪದಿಯ ಹೆಸರಿನ ಘಾಟಿನಿಂದ ತಿಂಗಳು ತಿಂಗಳು ಅಕ್ಷಯವಾಗಿ ಬರಬೇಕಾದ್ದು ವರ್ಷಕ್ಕೊಮ್ಮೆ ಗುರುತು ಕೊಡದಿದ್ದರೆ ನಿಂತುಬಿಡುತ್ತದೆ. ಗುರುತು ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ ಅನ್ನಿ. ಆದರೆ ಔಷಧಿ ಅಂಗಡಿಯವನು ಅಲ್ಲಿಯತನಕ ಕಾಯಬೇಕಲ್ಲ.

2014ರ ನವೆಂಬರಿನಲ್ಲಿ ಬಂದ ಜೀವನ್ ಪ್ರಮಾಣ್ ಆಧಾರ್ ಬೆರಳಚ್ಚಿನಿಂದ ಈ ಗುರುತನ್ನು ಸುಲಭ ಮಾಡಿತು. ಸವೆದ ಬೆರಳಿನವರಿಗೆ 2021ರಲ್ಲಿ ಮುಖ ನೋಡಿ ಗುರುತಿಸುವ ಆ್ಯಪ್ ಬಂತು. ಅಂಚೆಯಣ್ಣ ಮನೆಗೇ ಯಂತ್ರ ತರುವ ಸೌಕರ್ಯವೂ ಇದೆ. ಎಪ್ಪತ್ತು ದಾಟಿದವರಿಗೂ ಅಶಕ್ತರಿಗೂ ಮನೆ ಬಾಗಿಲಲ್ಲೇ ಸೇವೆ ಕೊಡಿ ಎಂದು 2017ರಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತ್ತು. ಕಂಪ್ಯೂಟರು ಒಲ್ಲದವರಿಗೆ ಹಳೆಯ ದಾರಿ ಇದ್ದೇ ಇದೆ: ಜೀವಂತವಿದ್ದಾರೆ ಎಂಬ ಕಾಗದಕ್ಕೆ ತಹಶೀಲ್ದಾರ, ಪೋಸ್ಟ್ ಮಾಸ್ಟರ್, ಗ್ರಾಮ ಪಂಚಾಯ್ತಿ ಮುಖ್ಯಸ್ಥರಂಥವರು ಸಹಿ ಮಾಡಬಹುದು. ವಿದೇಶದಲ್ಲಿ ಮಕ್ಕಳ ಮನೆಯಲ್ಲಿರುವ ಪಿಂಚಣಿದಾರರಿಗೆ ಇನ್ನೊಂದು ರಿಯಾಯಿತಿ. ಅಲ್ಲಿನ ನೋಟರಿ, ಮ್ಯಾಜಿಸ್ಟ್ರೇಟ್, ಬ್ಯಾಂಕು ಅಥವಾ ನಮ್ಮ ರಾಯಭಾರ ಕಚೇರಿಯ ಅಧಿಕಾರಿ ಸಹಿ ಮಾಡಿದ ಪತ್ರವನ್ನು ಇಲ್ಲಿ ಅವರು ನೇಮಿಸಿದ ಅಧಿಕೃತ ವ್ಯಕ್ತಿ ಸಲ್ಲಿಸಿದರೆ ಅವರು ಖುದ್ದಾಗಿ ಬರಬೇಕಿಲ್ಲ. ಮಗಳ ಬಾಣಂತನಕ್ಕೆ ಟೆಕ್ಸಾಸಿಗೆ ಹೋದ ಸುಬೇದಾರರೊಬ್ಬರು ನವೆಂಬರಿಗಾಗಿ ವಿಮಾನ ಹತ್ತಬೇಕಾಗಿಲ್ಲ. ಆದರೆ ಇಲ್ಲೂ ಗಮನಿಸಿ: ಪತ್ರವನ್ನು ಒಯ್ಯುವವನು ಪ್ರತಿನಿಧಿ, ಆದರೆ ಆ ಪತ್ರದ ಬುಡದಲ್ಲಿ ಯಾರೋ ಒಬ್ಬರು ಸುಬೇದಾರರನ್ನು ಕಣ್ಣಾರೆ ಕಂಡಿರಲೇಬೇಕು.

ಹಣ ತೆಗೆಯುವುದು, ಬದುಕಿದ್ದೇನೆ ಎನ್ನುವುದು, ಇವೆರಡಕ್ಕೂ ದಾರಿ ಇದೆ ಎಂದಾಯಿತು. ನಿಜವಾಗಿ ಪ್ರತಿನಿಧಿ ಬೇಕಾಗುವುದು ಮೂರನೆಯದಕ್ಕೆ, ಜಗಳಕ್ಕೆ. ಅಂದರೆ ಕಡಿಮೆ ಬಂದ ಪಿಂಚಣಿ, ತಪ್ಪು ಬಿದ್ದ ಹೆಸರು, ನಿರಾಕರಿಸಿದ ಅಂಗವೈಕಲ್ಯ ಪಿಂಚಣಿ. ಇದರಲ್ಲಿ ಹೆಸರಿನ ಜಗಳ ನಮ್ಮ ಕಡೆಯದೇ ಒಂದು ಪುರಾಣ. ಮದುವೆಯಾದ ಸಿಪಾಯಿ ರಜೆ ಮುಗಿಸಿ ಯೂನಿಟ್ಟಿಗೆ ಹೋಗಿ ಹೆಂಡತಿಯ ಹೆಸರು ಬರೆಸುತ್ತಾನೆ. ಇವನು ಯಲ್ಲವ್ವ ಎನ್ನುತ್ತಾನೆ, ಹಿಂದಿ ಬಲ್ಲ ಗುಮಾಸ್ತ ಎಲ್ಲೂಬಾಯಿ ಎಂದು ಬರೆಯುತ್ತಾನೆ. ಆಧಾರಿನಲ್ಲಿ ಯಲ್ಲಮ್ಮ, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಹುಟ್ಟಿದ ದಿನಾಂಕವಂತೂ ಕೇಳಲೇಬೇಡಿ, ಊರಿನ ಅರ್ಧ ಹೆಂಗಸರು ಜನವರಿ ಒಂದನೇ ತಾರೀಕಿನವರು. ಗಂಡ ಇರುವತನಕ ಇದು ಯಾರಿಗೂ ತೊಂದರೆ ಕೊಡದು. ಅವನು ಹೋದ ಮರುದಿನ ಒಬ್ಬಳೇ ಹೆಂಗಸು ತಾನು ಆ ನಾಲ್ವರೂ ಹೌದು ಎಂದು ಸಾಬೀತು ಮಾಡಬೇಕು. ರೆಕಾರ್ಡ್ ಆಫೀಸಿಗೆ ಪತ್ರ, ಅಫಿಡವಿಟ್ಟು, ಡಿಸ್ಚಾರ್ಜ್ ಬುಕ್ಕಿನ ಪ್ರತಿ, ಮನೆಯವರ ವಿವರ ದಾಖಲಿಸುವ ಪಾರ್ಟ್ ಟು ಆರ್ಡರು. ಓದು ಬರಹ ಬಾರದವಳು ಇದನ್ನು ಒಬ್ಬಳೇ ಮಾಡಲಾರಳು. ಅವಳಿಗೆ ಬೇಕಾದದ್ದು ಸಹಿ ಹಾಕುವ ಕೈಯಲ್ಲ, ಮಾತಾಡುವ ಬಾಯಿ.

ಆ ಬಾಯಿ ಜಿಲ್ಲಾ ಕೇಂದ್ರದಲ್ಲಿದೆ, ಬಿಟ್ಟಿಯಾಗಿ ಇದೆ. ಮೊದಲ ಮಹಾಯುದ್ಧ ಮುಗಿದು ಸಿಪಾಯಿಗಳು ಹಿಂದಿರುಗಿದ 1919ರಲ್ಲಿ ಹುಟ್ಟಿದ ಸೈನಿಕರ ಮಂಡಳಿಯೇ ಬೆಳೆದು ಇಂದಿನ ಕೇಂದ್ರೀಯ ಸೈನಿಕ ಮಂಡಳಿಯಾಗಿದೆ. ಅದರ ಕೆಳಗೆ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಜಿಲ್ಲೆಗಳಲ್ಲಿ ಅದರ ಕಚೇರಿ. ಸಾಮಾನ್ಯವಾಗಿ ನಿವೃತ್ತ ಸೇನಾಧಿಕಾರಿಯೊಬ್ಬರು ಅಲ್ಲಿರುತ್ತಾರೆ. ಕೈಕೆಳಗೆ ಹಳ್ಳಿ ಸುತ್ತುವ ಕಲ್ಯಾಣ ಸಂಘಟಕರು, ಅವರೂ ಮಾಜಿ ಸೈನಿಕರೇ. ಪಾರ್ಟ್ ಟು ಆರ್ಡರು ಎಂದರೇನು ಎಂದು ಅವರಿಗೆ ವಿವರಿಸಬೇಕಿಲ್ಲ. ಕೊರತೆ ಇಷ್ಟೇ: ಕಚೇರಿಗಳು ಕಡಿಮೆ. ಮತ್ತೆ ಕಚೇರಿಯವರು ನಿಮ್ಮ ಅರ್ಜಿಯನ್ನು ಮುಂದಕ್ಕೆ ಕಳಿಸುತ್ತಾರೆ, ನಿಮ್ಮ ಪರವಾಗಿ ವಾದಿಸುವ ಅಧಿಕಾರ ಬೇರೆಯೇ ಮಾತು.

ವಾದ ನಡೆಯುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರು ಮಾಡಿದ ಅದಕ್ಕೆ ದೇಶದ ಹಲವೆಡೆ ಪೀಠಗಳಿವೆ. ಅಲ್ಲಿ ವಕಾಲತ್ತಿಗೆ ಸಹಿ ಹಾಕಿದರೆ ಪ್ರತಿನಿಧಿ ಸಿಕ್ಕಂತೆ. ಸೇರುವಾಗ ವೈದ್ಯರು ಏನೂ ಖೋಡಿ ಬರೆಯದಿದ್ದ ಸಿಪಾಯಿಗೆ ಸೇವೆಯಲ್ಲಿ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ತಿಳಿಯಬೇಕು, ಅಲ್ಲ ಎನ್ನುವವರೇ ಅದನ್ನು ತೋರಿಸಲಿ ಎಂದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಷ್ಟೋ ಜನರಿಗೆ ಅದು ಬಾಗಿಲು ತೆರೆಯಿತು. ಆದರೆ 2008ರ ತರ್ಸೇಮ್ ಸಿಂಗ್ ಪ್ರಕರಣದ ಇನ್ನೊಂದು ಮಾತೂ ಇದೆ: ತಡವಾಗಿ ಬಂದರೆ ಹಕ್ಕು ಸಾಯುವುದಿಲ್ಲ, ಆದರೆ ಬಾಕಿ ಸಿಗುವುದು ಅರ್ಜಿ ಹಾಕುವ ಹಿಂದಿನ ಸುಮಾರು ಮೂರು ವರ್ಷದ್ದು ಮಾತ್ರ. ಇಪ್ಪತ್ತು ವರ್ಷ ಸುಮ್ಮನಿದ್ದವನು ಹದಿನೇಳು ವರ್ಷದ್ದನ್ನು ಕಳಕೊಂಡ ಲೆಕ್ಕ. ಹೇಳುವವರಿಲ್ಲದ್ದಕ್ಕೆ ತೆತ್ತ ಬೆಲೆ ಅದು.

ಅಮೆರಿಕದಲ್ಲಿ ಈ ವಿಷಯಕ್ಕೇ ಒಂದು ಪುಟ್ಟ ಇತಿಹಾಸವಿದೆ. ಅಂತರ್ಯುದ್ಧದ ಕಾಲಕ್ಕೆ ಪಿಂಚಣಿ ಕೊಡಿಸುವ ದಲ್ಲಾಳಿಗಳ ಹಿಂಡೇ ಹುಟ್ಟಿತು. ಸೈನಿಕನಿಂದ ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹತ್ತು ಡಾಲರ್ ದಾಟಕೂಡದೆಂದು 1864ರಲ್ಲಿ ಕಾನೂನು ಬಂತು. ಆಶ್ಚರ್ಯವೆಂದರೆ ಆ ಹತ್ತು ಡಾಲರು ನೂರಿಪ್ಪತ್ತು ವರ್ಷ ಹಾಗೇ ಉಳಿಯಿತು. ಹತ್ತು ಡಾಲರಿಗೆ ಯಾವ ವಕೀಲ ಬರುತ್ತಾನೆ? ಅಣುಬಾಂಬಿನ ವಿಕಿರಣಕ್ಕೆ ಒಡ್ಡಿಕೊಂಡ ಸೈನಿಕರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಸೋತರು. ಇದು ಜಗಳವಲ್ಲದ, ಸೌಹಾರ್ದದ ವ್ಯವಸ್ಥೆ, ವಕೀಲರು ಬಂದರೆ ಕೆಡುತ್ತದೆ ಎಂಬುದು ಬಹುಮತದ ತರ್ಕ. ತನ್ನ ಪರ ಮಾತಾಡುವವನನ್ನು ತಾನೇ ಆರಿಸಿಕೊಳ್ಳುವುದು ಪ್ರಜೆಯ ಸ್ವಾತಂತ್ರ್ಯ ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಭಿನ್ನಮತ ಬರೆದರು. 1988ರಲ್ಲಿ, ಆಮೇಲೆ 2006ರಲ್ಲಿ ಅಲ್ಲಿನ ಸಂಸತ್ತು ಬೇಲಿಯನ್ನು ಸಡಿಲಿಸಿತು. ಇವತ್ತು ಬಾಕಿಯ ಐದನೇ ಒಂದು ಪಾಲಿನವರೆಗಿನ ಶುಲ್ಕ ನ್ಯಾಯವಾದದ್ದು, ಮೂರನೇ ಒಂದು ಪಾಲು ಮೀರಿದರೆ ಅನ್ಯಾಯದ್ದು ಎಂದು ನಿಯಮವೇ ಊಹಿಸಿಕೊಳ್ಳುತ್ತದೆ. ಮಾನ್ಯತೆ ಪಡೆದ ಸೈನಿಕ ಸಂಘಟನೆಗಳು ಮಾತ್ರ ಒಂದು ಕಾಸೂ ಮುಟ್ಟದೆ ಕೆಲಸ ಮಾಡುತ್ತವೆ.

ನನಗೆ ಹಿಡಿಸಿದ್ದು ಅಲ್ಲಿನ ಅರ್ಜಿ ನಮೂನೆ. ಸಂಘಟನೆಯನ್ನು ನೇಮಿಸಲು ಒಂದು, ಒಬ್ಬ ವ್ಯಕ್ತಿಯನ್ನು ನೇಮಿಸಲು ಇನ್ನೊಂದು. ಅಲ್ಲಿನ ಮಾಜಿ ಸೈನಿಕರ ಇಲಾಖೆಯ ಮುಂದೆ ಪ್ರತಿನಿಧಿಯಾಗಲು ಹೊರಗಿನ ಮುಖ್ತ್ಯಾರ ಪತ್ರ ಸಾಲದು, ಅವರದೇ ನಮೂನೆ ಬೇಕು. ಹೊಸಬನನ್ನು ನೇಮಿಸಿದರೆ ಹಳಬನ ಅಧಿಕಾರ ತಾನಾಗಿ ರದ್ದು. ಎಲ್ಲಕ್ಕಿಂತ ಮುಖ್ಯ, ಅಧಿಕಾರವನ್ನು ಅಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದಾರೆ. ನನ್ನ ಕಡತ ನೋಡಬಹುದು ಎಂಬುದು ಒಂದು. ಮದ್ಯ, ಮಾದಕ ವಸ್ತು, ಎಚ್‌ಐವಿ ಕುರಿತ ದಾಖಲೆ ನೋಡಬಹುದೇ ಎಂಬುದಕ್ಕೆ ಬೇರೆ ಗುರುತು. ನನ್ನ ವಿಳಾಸ ಬದಲಿಸಬಹುದೇ ಎಂಬುದಕ್ಕೆ ಮತ್ತೊಂದು. ಹಣ ಕೈಗೆ ತೆಗೆದುಕೊಳ್ಳುವವನು ಈ ಪ್ರತಿನಿಧಿಯಲ್ಲವೇ ಅಲ್ಲ. ಸೈನಿಕನಿಗೆ ಹಣ ನಿಭಾಯಿಸಲಾಗದಿದ್ದರೆ ಇಲಾಖೆಯೇ ಪರಿಶೀಲಿಸಿ ಬೇರೊಬ್ಬನನ್ನು ನೇಮಿಸುತ್ತದೆ. ಅಲ್ಲೂ ಮೋಸ ಇದೆ, ಮಾನ್ಯತೆಯಿಲ್ಲದ ಕಂಪನಿಗಳು ಸೈನಿಕರನ್ನು ಸುಲಿಯುತ್ತಿವೆ. ಅವರ ಊರು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಆದರೆ ಮಾತಾಡುವ ಬಾಯಿ ಬೇರೆ, ದುಡ್ಡು ಮುಟ್ಟುವ ಕೈ ಬೇರೆ ಎಂದು ಅವರು ಕಂಡುಕೊಂಡಿದ್ದಾರೆ. ನಮ್ಮಲ್ಲಿ ಒಟಿಪಿ ಎರಡನ್ನೂ ಒಂದೇ ಮಾಡಿದೆ. ಫೋನು ಯಾರ ಕೈಲಿದೆಯೋ ಅವನೇ ಬಾಯಿ, ಅವನೇ ಕೈ. ಜೀವನ್ ಪ್ರಮಾಣ್ ನವೀಕರಿಸುತ್ತೇವೆ, ಸಂಖ್ಯೆ ಹೇಳಿ ಎಂದು ಕರೆ ಮಾಡುವ ಕಳ್ಳನಿಗೂ ಇದು ಗೊತ್ತು.

ಸಣ್ಣಪುಟ್ಟದ್ದನ್ನು ನಾವೇ ಮಾಡಿಕೊಳ್ಳಬಹುದು. ಪಿಂಚಣಿ ಖಾತೆಯನ್ನು ಗಂಡ-ಹೆಂಡತಿ ಜಂಟಿಯಾಗಿಸಬಹುದು. ಸಾಯುವ ದಿನದವರೆಗೆ ಉಳಿದ ಬಾಕಿಗೆ 1983ರ ನಿಯಮದಂತೆ ನಾಮನಿರ್ದೇಶನ ಮಾಡಿಟ್ಟರೆ ಮನೆಯವರು ಅದಕ್ಕಾಗಿ ವಾರಸಾ ಪ್ರಮಾಣಪತ್ರಕ್ಕೆ ಕೋರ್ಟು ಅಲೆಯಬೇಕಿಲ್ಲ. ಯಲ್ಲವ್ವನ ಹೆಸರನ್ನು ಯಲ್ಲವ್ವನ ಗಂಡ ಇರುವಾಗಲೇ ಸರಿ ಮಾಡಿಸಬೇಕು.

ಮಾವನ ಮನೆಗೆ ಬ್ಯಾಂಕಿನವರು ಬಂದದ್ದು ನಾನು ಮೂರು ಸಲ ಹೋಗಿ ಸುತ್ತೋಲೆಯ ಪ್ರತಿ ತೋರಿಸಿದ ಮೇಲೆ. "ಹಂಗೆಲ್ಲ ಬರಾಕ ಆಗೂದಿಲ್ರೀ, ಅವ್ರನ್ನ ಆಟೋದಾಗ ಕರಕೊಂಡು ಬರ್ರಿ" ಎಂದಿದ್ದರು ಮೊದಲು. ಬಂದ ಮ್ಯಾನೇಜರು ಚಿಕ್ಕ ವಯಸ್ಸಿನವರು, ಸಂಕೋಚದವರು. ಅತ್ತೆ ಚುರುಮುರಿ, ಚಹಾ ಕೊಟ್ಟಳು. ಎರಡನೇ ಸಾಕ್ಷಿಯಾಗಿ ಬ್ಯಾಂಕಿನಲ್ಲಿ ಹಳೇ ಖಾತೆಯಿದ್ದ ಪಕ್ಕದ ಮನೆಯ ನಿವೃತ್ತ ಮಾಸ್ತರರು ಬಂದು ಕೂತರು. ಪತ್ರ ನಾನೇ ಬರೆದು ತಂದಿದ್ದೆ: ನನ್ನ ಪಿಂಚಣಿಗೆ ಸಂಬಂಧಿಸಿದ ಎಲ್ಲಾ ವ್ಯವಹಾರಗಳನ್ನು ನನ್ನ ಪರವಾಗಿ ನನ್ನ ಹೆಂಡತಿ ನೋಡಿಕೊಳ್ಳತಕ್ಕದ್ದು. ಓದಿ ಹೇಳು ಎಂದ ಮಾವ. ಓದಿದೆ. ಇನ್ನೊಮ್ಮೆ ಎಂದ. ಓದಿದೆ. ಎಡಗೈ ಎತ್ತಿ ನನ್ನನ್ನು ತಡೆದ.

"ಎಲ್ಲಾ ಅನ್ನೂದು ಬ್ಯಾಡ."

ಏನು ಬರೆಯಲಿ ಎಂದೆ. ತೊದಲುತ್ತ, ನಡುವೆ ಉಸಿರು ಎಳೆದುಕೊಳ್ಳುತ್ತ ಹೇಳಿದ. ತಿಂಗಳಿಗೆ ಒಂದು ಸಲ ದುಡ್ಡು ತೆಗೆಯುವುದು, ಇಷ್ಟು ರೂಪಾಯಿ ಮೀರದಂತೆ. ಪಾಸ್‌ಬುಕ್ಕು ತುಂಬಿಸಿ ತರುವುದು. ಮೊಮ್ಮಗ ಸ್ಪರ್ಶ್ ತೆರೆದು ನೋಡಬಹುದು, ನೋಡಿ ತನಗೆ ಓದಿ ಹೇಳಬೇಕು, ಏನನ್ನೂ ಬದಲಿಸಬಾರದು. ಮಗನ ಹೆಸರು ಹೇಳಲಿಲ್ಲ, ನಾವ್ಯಾರೂ ಕೇಳಲಿಲ್ಲ. ನಾನು 'ಎಲ್ಲಾ' ಎಂಬ ಪದವನ್ನು ಗೀಟು ಎಳೆದು ಹೊಡೆದೆ, ಕೆಳಗೆ ಅವನು ಹೇಳಿದ್ದನ್ನು ಬರೆದೆ. ಮ್ಯಾನೇಜರು ಶಾಯಿಯ ಪ್ಯಾಡು ಮುಂದೆ ಹಿಡಿದರು. ಮಾವ ಪತ್ರದ ಬುಡದಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿದ. ಆಮೇಲೆ ಬೆರಳನ್ನು ಮತ್ತೆ ಪ್ಯಾಡಿಗೆ ಅದ್ದಿ, ಹೊಡೆದುಹಾಕಿದ ಪದದ ಪಕ್ಕದಲ್ಲಿ ಇನ್ನೊಂದು ಒತ್ತಿದ.